ಮಾರುತಿ 800ರ ಗೇರ್ ಬಾಕ್ಸ್: ನಾನೇ ಬಿಚ್ಚಲಾ, ಸ್ಪೆಷಲಿಸ್ಟ್ ಕೈಗೆ ಕೊಡಲಾ?

ನಿಟ್ಟುವಳ್ಳಿ 800 (ದಾವಣಗೆರೆ)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ 2004ರ ಮಾರುತಿ 800 ಇದೆ. ನಾಲ್ಕು ಗೇರಿನದು. ಅಪ್ಪ ಹೊಸದಾಗಿ ಕೊಂಡಿದ್ದ ಗಾಡಿ. ಬಾಡಿ ಇವತ್ತಿಗೂ ಗಟ್ಟಿಯಾಗಿದೆ, ಎಂಜಿನ್ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. 2024ರಲ್ಲಿ ಎಫ್‌ಸಿ ಮಾಡಿಸಿ ಆರ್‌ಸಿಯನ್ನು ಮತ್ತೆ ಐದು ವರ್ಷಕ್ಕೆ ರಿನ್ಯೂ ಮಾಡಿಸಿದ್ದೇವೆ. ಹಾಗಾಗಿ ಮಾರುವ ಮಾತೇ ಇಲ್ಲ. ಅಮ್ಮನಿಗೆ ಬೇರೆ ಯಾವ ಕಾರಿನಲ್ಲಿ ಕೂತರೂ ಸಮಾಧಾನ ಇಲ್ಲ.

ತೊಂದರೆ ಎರಡು. ಒಂದು, ಮೂರನೇ ಗೇರಿನಿಂದ ಎರಡಕ್ಕೆ ಹಾಕುವಾಗ ಕರ್ರ್ ಅಂತ ಸದ್ದು. ಪಿ.ಬಿ. ರಸ್ತೆಯಲ್ಲಿ ಸಿಗ್ನಲ್‌ಗೆ ಮೊದಲು ನಿಧಾನ ಮಾಡುವಾಗ ಪ್ರತಿ ಸಲ ಹಿಂಸೆ. ಕ್ಲಚ್ ಎರಡು ಸಲ ಒತ್ತಿ, ನಡುವೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಸದ್ದಿಲ್ಲದೆ ಬೀಳುತ್ತದೆ. ಎರಡು, ನ್ಯೂಟ್ರಲ್‌ನಲ್ಲಿ ನಿಂತಾಗ ಒಂದು ಗುಂಯ್ ಸದ್ದು ಬರುತ್ತದೆ. ಕ್ಲಚ್ ಒತ್ತಿದ ತಕ್ಷಣ ಅದು ನಿಲ್ಲುತ್ತದೆ.

ಇಲ್ಲಿ ಒಬ್ಬರು ಗೇರ್ ಬಾಕ್ಸ್ ಕೆಲಸದವರು ನೋಡಿ, ಪೂರ್ತಿ ಸೆಟ್ ಮಾಡಲು ಸ್ಪೇರ್ ಸೇರಿ ಹದಿನಾಲ್ಕು ಸಾವಿರ ಆಗುತ್ತದೆ ಅಂದರು. ಬಿಚ್ಚಿ ನೋಡಿಲ್ಲ, ಓಡಿಸಿ ನೋಡಿ ಹೇಳಿದ್ದು. ಇನ್ನೊಬ್ಬರು, "ಯಾಕೆ ಸುಮ್ನೆ ಖರ್ಚು, ಗುಜರಿಯಿಂದ ಬೇರೆ ಬಾಕ್ಸ್ ತಂದು ಕೂರಿಸೋಣ" ಅಂದರು.

ನನಗೆ ಕೆಲಸ ಸ್ವಲ್ಪ ಬರುತ್ತದೆ. ಬ್ರೇಕ್ ಶೂ, ಆಲ್ಟರ್ನೇಟರ್, ವಾಟರ್ ಪಂಪ್, ಡ್ರೈವ್ ಶಾಫ್ಟ್ ಬೂಟ್ ಎಲ್ಲ ನಾನೇ ಬದಲಾಯಿಸಿದ್ದೇನೆ. ಮನೆ ಪಕ್ಕ ಶೆಡ್ ಇದೆ, ಒಳ್ಳೆಯ ರಿಂಗ್ ಸ್ಪ್ಯಾನರ್, ಸಾಕೆಟ್ ಸೆಟ್ ಇದೆ, ಸಹಾಯಕ್ಕೆ ಬಾಮೈದ ಇದ್ದಾನೆ. ಆದರೆ ಗೇರ್ ಬಾಕ್ಸ್ ಒಳಗೆ ಇದುವರೆಗೂ ಕೈ ಹಾಕಿಲ್ಲ. ದುಡ್ಡು ಉಳಿಸುವುದು ಒಂದು ಕಡೆ ಇರಲಿ, ಈ ಕೆಲಸ ಕಲಿಯಬೇಕು ಅನ್ನುವ ಆಸೆ ನಿಜವಾಗಿಯೂ ಇದೆ. ಒಳಗೆ ಬಿಚ್ಚಿದವರು, ಬಿಚ್ಚಿಸಿದವರು ಇದ್ದರೆ ದಯವಿಟ್ಟು ಹೇಳಿ. ನಾನೇ ಮಾಡಬಹುದಾ?

ದುರ್ಗದ ಡ್ರೈವರ್ (ಚಿತ್ರದುರ್ಗ)

ಸರ್, ಬಿಚ್ಚುವ ಮಾತು ಆಮೇಲೆ. ಮೊದಲು ಹೊರಗಿನದನ್ನು ನೋಡಿ. ಗೇರ್ ಬಾಕ್ಸ್ ಕೆಟ್ಟಿದೆ ಅಂತ ಇಳಿಸಿದ ಎಷ್ಟೋ ಗಾಡಿಗಳಲ್ಲಿ ತಪ್ಪು ಕ್ಲಚ್ ಕೇಬಲ್‌ದೇ ಆಗಿರುತ್ತದೆ.

ಎಂಜಿನ್ ಬಿಸಿಯಾದ ಮೇಲೆ ಗಾಡಿ ನಿಲ್ಲಿಸಿ, ಐಡ್ಲಿಂಗ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ ಹಿಡಿಯಿರಿ. ನಾಲ್ಕೈದು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ರಿವರ್ಸ್‌ಗೆ ಸಿಂಕ್ರೊ (ಗೇರು ಬೀಳುವ ಮೊದಲು ವೇಗ ಹೊಂದಿಸುವ ಹಿತ್ತಾಳೆ ರಿಂಗು) ಇರುವುದಿಲ್ಲ. ಅಷ್ಟು ಹೊತ್ತಾದ ಮೇಲೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಕೇಬಲ್ ಅಡ್ಜಸ್ಟ್ ಮಾಡಿ, ಇಲ್ಲವೇ ಬದಲಾಯಿಸಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಸರಿ ಇದೆ.

ಆಮೇಲೆ ಗೇರ್ ಲಿವರ್ ಕೆಳಗಿನ ರಾಡು, ಬುಷ್ ನೋಡಿ. ಬುಷ್ ಸವೆದರೆ ಲಿವರ್ ಪೂರ್ತಿ ಹೋದಂತೆ ಕಾಣುತ್ತದೆ, ಒಳಗೆ ಗೇರು ಅರ್ಧಕ್ಕೇ ನಿಂತಿರುತ್ತದೆ. ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೂ ಗೇರು ತಾನಾಗಿ ನ್ಯೂಟ್ರಲ್‌ಗೆ ಜಿಗಿಯುತ್ತದೆ.

ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ದು? ಡಬ್ಬಿ ಮೇಲೆ ಜಿಎಲ್-4 ಅಂತ ಇರಬೇಕು. ಎಷ್ಟೋ ಕಡೆ ಜೀಪು, ಲಾರಿಯ ಹಿಂದಿನ ಆಕ್ಸಲ್ ಹೌಸಿಂಗ್‌ಗೆ ಹಾಕುವ ಜಿಎಲ್-5 ಅನ್ನೇ ಎಲ್ಲಕ್ಕೂ ಸುರಿದುಬಿಡುತ್ತಾರೆ. ಅದರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಅಲ್ಲಿನ ಹೈಪಾಯ್ಡ್ ಹಲ್ಲಿಗೆ (ಒಂದರ ಮೇಲೊಂದು ಜಾರುತ್ತಾ ಉಜ್ಜುವ ಹಲ್ಲು) ಅದು ಬೇಕು, ಹಿತ್ತಾಳೆ ರಿಂಗಿಗೆ ಒಳ್ಳೆಯದಲ್ಲ. ಜಾರುವುದೂ ಜಾಸ್ತಿ, ರಿಂಗು ಹಿಡಿಯುವುದೇ ಇಲ್ಲ. 800ರಲ್ಲಿ ಡಿಫರೆನ್ಷಿಯಲ್ (ಎರಡು ಚಕ್ರಕ್ಕೂ ಬಲ ಹಂಚುವ ಗೇರುಗಳು) ಗೇರ್ ಬಾಕ್ಸ್ ಒಳಗೇ ಇದ್ದರೂ ಅದು ಹೈಪಾಯ್ಡ್ ಅಲ್ಲ. ಹಾಗಾಗಿ ಜಿಎಲ್-4 ಸಾಕು.

ನಮ್ಮ ಜೋಗಿಮಟ್ಟಿ ರಸ್ತೆ ಹತ್ತುವಾಗ ಎರಡನೇ ಗೇರು ಕೈಕೊಟ್ಟರೆ ಏನಾಗುತ್ತದೆ ಅಂತ ಗೊತ್ತು. ಅದಕ್ಕೇ ಇಷ್ಟು ಬರೆದೆ.

ಚಳ್ಳಕೆರೆ ಜೀಪ್ (ಚಳ್ಳಕೆರೆ)

ಅಣ್ಣ, ನೀವೇ ಮಾಡಿ. ಖಂಡಿತ ಆಗುತ್ತದೆ.

ನಮ್ಮ ಹೊಲದ ಕೆಲಸಕ್ಕೆ ಮಹೀಂದ್ರದ ಹಳೇ ಸಿಜೆ-3ಬಿ ಜೀಪ್ ಇದೆ. ಮೂರು ಗೇರಿನ ಟಿ-90 ಬಾಕ್ಸ್. ಶೇಂಗಾ ಚೀಲ ಹೊತ್ತು ಹೊತ್ತು ಕೌಂಟರ್ ಶಾಫ್ಟ್ (ಬಾಕ್ಸಿನ ಕೆಳಗಿನ ಶಾಫ್ಟು) ಸವೆದು, ಮೊದಲ ಎರಡು ಗೇರಿನಲ್ಲಿ ಸದ್ದು ಬರುತ್ತಿತ್ತು, ಟಾಪ್ ಗೇರಿನಲ್ಲಿ ನಿಲ್ಲುತ್ತಿತ್ತು. ಹಿಂದಿನ ಚಕ್ರಕ್ಕೆ ಓಡುವ ಹಳೇ ಗಾಡಿಗಳಲ್ಲಿ ಟಾಪ್ ಗೇರ್ ಅಂದರೆ ನೇರ. ಎಂಜಿನ್ ಕಡೆಯ ಇನ್‌ಪುಟ್ ಶಾಫ್ಟೂ ಚಕ್ರದ ಕಡೆಯ ಮೇನ್ ಶಾಫ್ಟೂ ಒಂದಾಗಿ ತಿರುಗುತ್ತವೆ, ಕೆಳಗಿನ ಶಾಫ್ಟಿನ ಮೇಲೆ ಭಾರ ಬೀಳುವುದಿಲ್ಲ. ಟಾಪ್‌ನಲ್ಲಿ ಸದ್ದು ನಿಂತರೆ ಕೆಳಗಿನ ಶಾಫ್ಟನ್ನೇ ಅನುಮಾನಿಸಬೇಕು. ನಿಮ್ಮ 800ಗೆ ಈ ಲೆಕ್ಕ ನಡೆಯುವುದಿಲ್ಲ. ಅದರಲ್ಲಿ ಎರಡೇ ಶಾಫ್ಟು, ಪ್ರತಿ ಗೇರಿಗೂ ಬೇರೆ ಜೋಡಿ ಹಲ್ಲು.

ನಾನೂ ನಮ್ಮ ದೊಡ್ಡಪ್ಪನೂ ಸೇರಿ ಕಣದಲ್ಲೇ ಬಿಚ್ಚಿದೆವು. ಆ ಬಾಕ್ಸಿನಲ್ಲಿ ಕೌಂಟರ್ ಗೇರ್ ಒಳಗೆ ಸಣ್ಣ ಸಣ್ಣ ಸೂಜಿ ರೋಲರುಗಳು ಬಿಡಿಬಿಡಿಯಾಗಿ ಇರುತ್ತವೆ. ಶಾಫ್ಟ್ ಎಳೆದ ಕೂಡಲೇ ಎಲ್ಲ ಉದುರುತ್ತವೆ. ಅದಕ್ಕೆ ಗೇರಿನ ಉದ್ದಕ್ಕೆ ಸರಿಯಾಗಿ ಒಂದು ಡಮ್ಮಿ ಶಾಫ್ಟ್ ಮಾಡಿಸಿಕೊಂಡಿದ್ದೆವು. ಗ್ರೀಸ್ ಹಚ್ಚಿ ರೋಲರುಗಳನ್ನು ಅದರ ಸುತ್ತ ಅಂಟಿಸಿ, ಗೇರನ್ನು ಬಾಕ್ಸ್ ತಳಕ್ಕೆ ಇಳಿಸಿ, ಆಮೇಲೆ ನಿಜವಾದ ಶಾಫ್ಟಿನಿಂದ ಡಮ್ಮಿಯನ್ನು ಹೊರಗೆ ತಳ್ಳಿದೆವು. ಒಂದೂ ರೋಲರ್ ಬೀಳಲಿಲ್ಲ. ದೊಡ್ಡಪ್ಪನ ಮುಖ ಆವತ್ತು ನೋಡಬೇಕಿತ್ತು! ಹಳೇ ತಗಡಿನ ಡಬ್ಬಗಳಲ್ಲಿ ಒಂದೊಂದು ಶಾಫ್ಟಿನ ಸಾಮಾನು ಬೇರೆ ಬೇರೆ ಇಟ್ಟಿದ್ದೆವು, ಮೊಬೈಲಿನಲ್ಲಿ ಪ್ರತಿ ಹಂತದ ಫೋಟೊ ಇತ್ತು.

ಒಂದು ಎಚ್ಚರಿಕೆ. ಗೇರು ಸರಿಸುವ ಫೋರ್ಕ್ ರಾಡುಗಳನ್ನು ಎಳೆಯುವಾಗ, ಅವನ್ನು ಜಾಗದಲ್ಲಿ ಹಿಡಿದಿಡುವ ಡಿಟೆಂಟ್ ಗುಂಡು, ಸ್ಪ್ರಿಂಗ್ ಹಾರುತ್ತವೆ. ಒಂದು ಬಟ್ಟೆ ಮುಚ್ಚಿ ಎಳೆಯಿರಿ. ರಾಡುಗಳ ನಡುವೆ ಇಂಟರ್‌ಲಾಕ್ ಗುಂಡು ಇರುತ್ತದೆ. ಅದನ್ನು ವಾಪಸ್ ಹಾಕಲು ಮರೆತರೆ ಒಂದೇ ಸಲ ಎರಡು ಗೇರು ಬಿದ್ದು ಬಾಕ್ಸ್ ಜಾಮ್ ಆಗುತ್ತದೆ.

ಕೈಯಲ್ಲಿ ಮಾಡಿದ ಕೆಲಸ ಯಾರೂ ಕಿತ್ತುಕೊಳ್ಳುವುದಿಲ್ಲ ಅಣ್ಣ. ಧೈರ್ಯ ಮಾಡಿ.

ಹರಿಹರದ ಲೇತ್ (ಹರಿಹರ)

ನಿಟ್ಟುವಳ್ಳಿ ಅಣ್ಣನವರೇ, ನಾನು ಹರಿಹರದಲ್ಲಿ ಲೇತ್ ಶಾಪ್ ನಡೆಸುತ್ತೇನೆ. ಅಪ್ಪ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದರು. 1941ರಲ್ಲಿ ಶುರುವಾದ ಕಾರ್ಖಾನೆ ಅದು, ಹರಿಹರದ ಲೇತ್ ಅಂದರೆ ದೇಶದಲ್ಲೆಲ್ಲ ಹೆಸರಿತ್ತು. ಅದು ಮುಚ್ಚಿದ ಮೇಲೆ ಅಪ್ಪ ಮನೆ ಪಕ್ಕ ಶೆಡ್ ಹಾಕಿ ಒಂದು ಹಳೇ ಲೇತ್ ಇಟ್ಟರು. ನಾನು ಕೆಲಸ ಕಲಿತಿದ್ದು ಅಲ್ಲೇ. ಈಗ ಮಶಿನ್ ನನ್ನದು, ಮೈಕ್ರೋಮೀಟರ್ ಮಾತ್ರ ಇನ್ನೂ ಅಪ್ಪನ ಕೈಯಲ್ಲೇ ಇದೆ.

ನಾನು ಗೇರ್ ಬಾಕ್ಸ್ ಮೆಕ್ಯಾನಿಕ್ ಅಲ್ಲ. ಆದರೆ ದಾವಣಗೆರೆ, ರಾಣೇಬೆನ್ನೂರು ಕಡೆಯ ಗ್ಯಾರೇಜಿನವರು ಬೇರಿಂಗ್ ಒತ್ತಿಸಲು, ಶಾಫ್ಟ್ ನೋಡಿಸಲು, ಕೇಸಿನಲ್ಲಿ ಕಿತ್ತುಹೋದ ಥ್ರೆಡ್ ಸರಿ ಮಾಡಿಸಲು ಬರುತ್ತಾರೆ. ಮನೆಯಲ್ಲಿ ಬಿಚ್ಚಿದವರ ಬಾಕ್ಸೂ ಬರುತ್ತದೆ, ಹೆಸರಿರುವ ಗ್ಯಾರೇಜಿನ ಬಾಕ್ಸೂ ಬರುತ್ತದೆ. ಸುತ್ತಿಗೆ ಪೆಟ್ಟು ಎರಡರ ಮೇಲೂ ನೋಡಿದ್ದೇನೆ. ಹಾಗಾಗಿ ಮನೆಯಾ, ಸ್ಪೆಷಲಿಸ್ಟಾ ಅನ್ನುವುದನ್ನು ನಾನು ದೊಡ್ಡ ಪ್ರಶ್ನೆ ಅಂದುಕೊಳ್ಳುವುದಿಲ್ಲ. ಒಳಗೆ ಅಳತೆ ನೋಡುವವರು ಯಾರು? ಅದೇ ಪ್ರಶ್ನೆ. ಅಳೆಯದೆ ಜೋಡಿಸಿದ ಬಾಕ್ಸ್ ಯಾರು ಜೋಡಿಸಿದರೂ ಒಂದೇ.

ಚಳ್ಳಕೆರೆ ತಮ್ಮ ಹೇಳಿದ್ದು ನಿಜ. ಆ ಜೀಪ್ ಬಾಕ್ಸ್ ಮನೆಯಲ್ಲಿ ಮಾಡುವಂಥದ್ದೇ. ಅದರಲ್ಲಿ ಡಿಫರೆನ್ಷಿಯಲ್ ಬೇರೆ ಕಡೆ ಇದೆ, ಹಿಂದಿನ ಹೌಸಿಂಗಿನಲ್ಲಿ. 800ರಲ್ಲಿ ಎರಡೂ ಒಂದೇ ಕೇಸಿನಲ್ಲಿವೆ. ಕೇಸು ಅಲ್ಯೂಮಿನಿಯಂ. ಅಲ್ಲಿ ಬಲ ಹಾಕಿದರೆ ಮೊದಲು ಸೋಲುವುದು ಕೇಸು.

ನಿಮ್ಮ ಗಾಡಿಯ ಲಕ್ಷಣ ಚೆನ್ನಾಗಿ ಬರೆದಿದ್ದೀರಿ. ಎರಡು ಸಲ ಕ್ಲಚ್ ಒತ್ತಿ ಆಕ್ಸಿಲರೇಟರ್ ಕೊಟ್ಟಾಗ ಸದ್ದಿಲ್ಲ ಅಂದರೆ, ಶಾಫ್ಟಿನ ವೇಗವನ್ನು ನೀವೇ ಕೈಯಾರೆ ಹೊಂದಿಸಿಕೊಡುತ್ತಿದ್ದೀರಿ. ಆ ಕೆಲಸ ಮಾಡಬೇಕಾದದ್ದು ಸಿಂಕ್ರೊ ರಿಂಗು. ಗೇರಿನ ಕೋನ್ ಮೇಲೆ ಹಿತ್ತಾಳೆ ರಿಂಗು ಒತ್ತಿ ಹಿಡಿದು, ಎರಡರ ವೇಗ ಸಮ ಆದ ಮೇಲಷ್ಟೇ ಸ್ಲೀವನ್ನು (ಗೇರನ್ನು ಶಾಫ್ಟಿಗೆ ಸೇರಿಸುವ, ಜಾರುವ ಬಳೆ) ಒಳಗೆ ಬಿಡಬೇಕು. ರಿಂಗಿನ ಒಳಗೆ ಸಣ್ಣ ಗೆರೆಗಳಿರುತ್ತವೆ, ಎಣ್ಣೆಯನ್ನು ಪಕ್ಕಕ್ಕೆ ಸರಿಸಲು. ಅವು ಸವೆದರೆ ರಿಂಗು ಜಾರುತ್ತದೆ. ಎರಡನೇ ಗೇರಿನ ರಿಂಗು ಮೊದಲು ಹೋಗುವುದು ಸಹಜ. ಊರೊಳಗೆ ಓಡಿಸುವಾಗ ಜಾಸ್ತಿ ಬಳಸುವುದು ಅದನ್ನೇ, ಮೂರರಿಂದ ಎರಡಕ್ಕೆ ಬರುವಾಗ ವೇಗದ ವ್ಯತ್ಯಾಸವೂ ದೊಡ್ಡದು.

ನ್ಯೂಟ್ರಲ್‌ನಲ್ಲಿ ಗುಂಯ್ ಅಂದು ಕ್ಲಚ್ ಒತ್ತಿದರೆ ನಿಲ್ಲುವುದು ಇನ್‌ಪುಟ್ ಶಾಫ್ಟಿನ ಬೇರಿಂಗ್. ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದಿದ್ದರೆ ಕ್ಲಚ್ಚನ್ನು ಒತ್ತುವ ರಿಲೀಸ್ ಬೇರಿಂಗ್ ಅನ್ನುತ್ತಿದ್ದೆ. ದುರ್ಗದ ಅಣ್ಣ ಹೇಳಿದ ರಿವರ್ಸ್ ಪರೀಕ್ಷೆ ಮಾಡಿ. ಅದರಲ್ಲಿ ಪಾಸ್ ಆದರೆ ಬಾಕ್ಸ್ ಇಳಿಸಲೇಬೇಕು.

ಇಳಿಸುವುದಕ್ಕೆ ಮೊದಲು ಆಯಿಲ್ ತೆಗೆದು ನೋಡಿ. ಸ್ವಲ್ಪ ಓಡಿಸಿ ಬಂದು, ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ. ಅದು ಬಿಚ್ಚಿತು ಅಂತ ಖಾತ್ರಿ ಆದ ಮೇಲೆ ಕೆಳಗಿನದು. ಆಯಿಲನ್ನು ಅಗಲವಾದ ಸ್ಟೀಲ್ ತಟ್ಟೆಗೆ ಇಳಿಸಿ ಬಿಸಿಲಿನಲ್ಲಿ ಓರೆ ಮಾಡಿ. ಹಳದಿ ಮಿನುಗು ಕಂಡರೆ ಅದು ರಿಂಗಿನ ಪುಡಿ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದಕ್ಕೇ ಕಣ್ಣಿನಲ್ಲಿ ನೋಡಬೇಕು. ಆಮೇಲೆ ಅಯಸ್ಕಾಂತ ಆಡಿಸಿ. ಕಾಡಿಗೆಯಂಥ ನುಣ್ಣಗಿನ ಕಪ್ಪು ಪೇಸ್ಟ್ ಬಂದರೆ ಹೆದರಬೇಡಿ. ಚೂರು ಬಂದರೆ, ಅದರಲ್ಲೂ ಒಂದು ಕಡೆ ಹೊಳೆಯುವ ಚೂರು ಬಂದರೆ, ಹಲ್ಲು ಅಥವಾ ಬೇರಿಂಗಿನ ಟ್ರ್ಯಾಕ್ ಮುರಿದಿದೆ. ಆಗ ಗಾಡಿ ಓಡಿಸುವುದನ್ನೇ ನಿಲ್ಲಿಸಿ.

ಈಗ ದುಡ್ಡಿನ ಮಾತು. ಬಿಚ್ಚದೆ ಹೇಳಿದ ಹದಿನಾಲ್ಕು ಸಾವಿರ ಅಂದಾಜು ಅಷ್ಟೇ. ಕಡಿಮೆಯೂ ಆಗಬಹುದು, ಜಾಸ್ತಿಯೂ ಆಗಬಹುದು. ಯಾಕೆ ಅಂದರೆ, ರಿಂಗು ಮಾತ್ರ ಹೋಗಿದ್ದರೆ ಅದೊಂದನ್ನು ಬದಲಾಯಿಸಿದರೆ ಆಯಿತು. ಆದರೆ ಕರ್ರ್ ಅನ್ನುವ ಪ್ರತಿ ಸಲ ಸ್ಲೀವಿನ ಹಲ್ಲೂ ಗೇರಿನ ಪಕ್ಕದ ಸಣ್ಣ ಹಲ್ಲೂ ಗುದ್ದಾಡುತ್ತಿರುತ್ತವೆ. ಆ ಸಣ್ಣ ಹಲ್ಲಿನ ತುದಿ ಚೂಪಾಗಿರಬೇಕು. ಅದು ಉರುಟಾಗಿದ್ದರೆ ಹೊಸ ರಿಂಗು ಹಾಕಿಯೂ ಲಾಭ ಇಲ್ಲ, ಗೇರೂ ಸ್ಲೀವೂ ಹೊಸದು ಬೇಕು. ಖರ್ಚು ಎರಡು ಪಟ್ಟಾಗುವುದು ಇಲ್ಲೇ. ಬಾಕ್ಸ್ ಬಿಚ್ಚಿದಾಗ ನೀವು ಅಲ್ಲೇ ನಿಂತಿರಬೇಕು ಅನ್ನುವುದೂ ಇದಕ್ಕೇ.

ಗುಜರಿ ಬಾಕ್ಸ್ ಬೇಡ. 800 ನಿಂತಿದ್ದು 2014ರ ಶುರುವಿನಲ್ಲಿ. ಗುಜರಿಯಲ್ಲಿ ಸಿಗುವ ಬಾಕ್ಸ್ ಎಷ್ಟು ಓಡಿದೆ ಅಂತ ಯಾರೂ ಹೇಳಲಾರರು. ಅದರ ಎರಡನೇ ಗೇರಿನ ರಿಂಗೂ ಅಷ್ಟೇ ಸವೆದಿರುತ್ತದೆ. ಗೇರೋ ಸ್ಲೀವೋ ಹೊಸದು ಸಿಗಲೇ ಇಲ್ಲ ಅಂದಾಗ ಬಿಡಿಭಾಗಕ್ಕೆ ಅಂತ ತಂದರೆ ಸರಿ.

ಒಳಗಿನ ಅಳತೆ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನೀವು ಕಲಿಯಬೇಕು ಅಂದಿದ್ದೀರಿ ಅಲ್ವಾ.

ರಿಂಗನ್ನು ಗೇರಿನ ಕೋನ್ ಮೇಲೆ ಕೈಯಲ್ಲಿ ಒತ್ತಿ ಹಿಡಿದು, ರಿಂಗಿನ ಹಲ್ಲಿಗೂ ಗೇರಿನ ಸಣ್ಣ ಹಲ್ಲಿಗೂ ನಡುವಿನ ಸಂದಿಗೆ ಫೀಲರ್ ಗೇಜ್ (ದಪ್ಪ ಗೊತ್ತಿರುವ ತೆಳು ಪಟ್ಟಿ) ಹಾಕಬೇಕು. ಸುತ್ತಲೂ ಮೂರು ಕಡೆ. ಇಂಥ ಸಣ್ಣ ಕಾರುಗಳಲ್ಲಿ ಹೊಸ ರಿಂಗಿಗೆ ಸುಮಾರು 1 ಮಿಲಿಮೀಟರ್ ಇರುತ್ತದೆ. ಅರ್ಧ ಮಿಲಿಮೀಟರಿಗೆ ಇಳಿದಿದ್ದರೆ ಮುಗಿಯಿತು. ಇದು ನೀವೇ ಮಾಡಬಹುದಾದ ಅಳತೆ. ಫೀಲರ್ ಗೇಜ್ ಯಾವ ಟೂಲ್ಸ್ ಅಂಗಡಿಯಲ್ಲಾದರೂ ಸಿಗುತ್ತದೆ. ರಿಂಗನ್ನು ಒತ್ತಿ ತಿರುಗಿಸಿ ನೋಡಿ, ಹಿಡಿಯಬೇಕು. ಸುಲಭವಾಗಿ ಜಾರಿದರೆ ಗೇಜ್ ಏನೇ ಹೇಳಲಿ, ಆ ರಿಂಗು ಬೇಡ.

ಬೇರಿಂಗ್ ಬೇರೆ ವಿಷಯ. ಅದನ್ನು ಪುಲ್ಲರಿನಲ್ಲಿ ಎಳೆಯಬೇಕು, ಪ್ರೆಸ್‌ನಲ್ಲಿ ಕೂರಿಸಬೇಕು. ಶಾಫ್ಟಿನ ಮೇಲೆ ಕೂರಿಸುವಾಗ ಬೇರಿಂಗಿನ ಒಳಗಿನ ರೇಸ್ (ಬಳೆ) ಮೇಲೆ ಮಾತ್ರ ಒತ್ತಬೇಕು, ಕೇಸಿನೊಳಗೆ ಕೂರಿಸುವಾಗ ಹೊರಗಿನ ರೇಸ್ ಮೇಲೆ ಮಾತ್ರ. ತಪ್ಪಿ ಇನ್ನೊಂದರ ಮೇಲೆ ಒತ್ತಿದರೆ ಬಲವೆಲ್ಲ ಗುಂಡುಗಳ ಮೂಲಕ ಹೋಗಿ ಟ್ರ್ಯಾಕಿನಲ್ಲಿ ಕಣ್ಣಿಗೆ ಕಾಣದ ಗುಳಿ ಬೀಳುತ್ತದೆ. ಹೊಸ ಬೇರಿಂಗ್ ಹಾಕಿದ ಸ್ವಲ್ಪ ದಿನಕ್ಕೇ ಮತ್ತೆ ಗುಂಯ್ ಅನ್ನುತ್ತದೆ. ಜನ ಬೇರಿಂಗ್ ಕಂಪನಿಯನ್ನು ಬೈಯುತ್ತಾರೆ. ತಪ್ಪು ಸುತ್ತಿಗೆಯದು. ಬೇರಿಂಗನ್ನು ಎಣ್ಣೆಯಲ್ಲಿ ಇಟ್ಟು 80ರಿಂದ 100 ಡಿಗ್ರಿಗೆ ಬಿಸಿ ಮಾಡಿದರೆ ಸಲೀಸಾಗಿ ಕೂರುತ್ತದೆ. ಗ್ಯಾಸ್ ಬೆಂಕಿ ನೇರವಾಗಿ ತೋರಿಸಬೇಡಿ, ಉಕ್ಕಿನ ಹದ ಹೋಗುತ್ತದೆ.

ಬೇರಿಂಗ್ ಕೊಳ್ಳುವಾಗ ಹಳೆಯದರ ಮೇಲಿನ ನಂಬರ್ ಓದಿ. ಉದಾಹರಣೆಗೆ 6205 ಅಂತ ಇದ್ದರೆ, ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ. ಒಳಗಿನ ತೂತು 25 ಮಿಲಿಮೀಟರ್. ಹಿಂದೆ ಸಿ3 ಅಂತ ಇದ್ದರೆ ಹೊಸದಕ್ಕೂ ಸಿ3 ಇರಲೇಬೇಕು. ಅದು ಒಳಗಿನ ಸಡಿಲ ಸ್ವಲ್ಪ ಜಾಸ್ತಿ ಇರುವ ಬೇರಿಂಗ್, ಬಿಸಿಯಾದಾಗ ಬಿಗಿಯಾಗದಿರಲಿ ಅಂತ. ಬೋರ್ ಒಂದೇ ಅಂತ ಬೇರೆಯದನ್ನು ಕೊಟ್ಟರೆ ತಗೊಳ್ಳಬೇಡಿ.

ಕೊನೆಯದು ಶಿಮ್, ಅಂದರೆ ಸಂದಿ ತುಂಬುವ ತೆಳು ವಾಷರ್. ಶಾಫ್ಟಿನ ಅಥವಾ ಡಿಫರೆನ್ಷಿಯಲ್‌ನ ಉದ್ದುದ್ದ ಆಟ ಎಷ್ಟಿದೆ ಅಂತ ಡಯಲ್ ಗೇಜ್ (ಮುಳ್ಳಿನಲ್ಲಿ ಅಳತೆ ತೋರಿಸುವ ಸಾಧನ) ಇಟ್ಟು ನೋಡಿ, ಅದಕ್ಕೆ ತಕ್ಕ ದಪ್ಪದ ಶಿಮ್ ಹಾಕಬೇಕು. ಹಳೇ ಶಿಮ್ಮನ್ನೇ ಹಾಕಿ ಮುಚ್ಚುವವರು ತುಂಬಾ ಜನ. ಬೇರಿಂಗ್ ಬದಲಾದ ಮೇಲೆ ಆಟವೂ ಬದಲಾಗುತ್ತದೆ, ಮತ್ತೆ ಅಳೆಯಬೇಕು. ಯಾವ ಬಾಕ್ಸಿಗೆ ಎಷ್ಟು ಅನ್ನುವುದು ಆಯಾ ಸರ್ವಿಸ್ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ. ಬಾಯಿಮಾತಿನ ಅಳತೆ ನಂಬಬೇಡಿ, ನನ್ನದೂ ಸೇರಿ.

ನನ್ನ ಅಭಿಪ್ರಾಯ ಇದು. ಇಳಿಸುವುದು, ಹತ್ತಿಸುವುದು ಪೂರ್ತಿ ನೀವೇ ಮಾಡಿ. ಡ್ರೈವ್ ಶಾಫ್ಟ್ ಬೂಟ್ ಬದಲಾಯಿಸಿದವರಿಗೆ ಅದು ಕಷ್ಟ ಅಲ್ಲ. ಬಾಕ್ಸನ್ನು ಹೊರಗಿನಿಂದ ಡೀಸೆಲ್ ಹಾಕಿ ತೊಳೆದು, ಒರೆಸಿ, ಗೇರ್ ಬಾಕ್ಸ್ ಗೊತ್ತಿರುವ ಫಿಟ್ಟರ್ ಹತ್ತಿರ ಒಯ್ಯಿರಿ. ಬಿಚ್ಚುವಾಗ ಜೊತೆಗೆ ಕೂರಿ. ಸ್ಪೇರ್ ನೀವೇ ಕೊಂಡು ತನ್ನಿ. ಪ್ರೆಸ್ಸೂ ಶಿಮ್ಮೂ ಅವರಿಗೆ ಬಿಡಿ. "ಹಳೇ ಸಾಮಾನು ವಾಪಸ್ ಬೇಕು" ಅಂತ ಮೊದಲೇ ಹೇಳಿ. ಹತ್ತಿರ ಕೂರಲು ಬಿಡದವರಿಗೆ, ಡಯಲ್ ಗೇಜ್ ಇದೆಯಾ ಅಂದರೆ ನಕ್ಕು ಸುಮ್ಮನಾಗುವವರಿಗೆ ಬಾಕ್ಸ್ ಕೊಡಬೇಡಿ. ನಮ್ಮ ಕಡೆ ಒಳ್ಳೆಯ ಫಿಟ್ಟರುಗಳಿಗೆ ಬರ ಇಲ್ಲ. ಅಳತೆ ಬಲ್ಲವರು ಅದನ್ನು ತೋರಿಸಲು ಖುಷಿಪಡುತ್ತಾರೆ. ಅಪ್ಪನನ್ನು ನೋಡಿ ಹೇಳುತ್ತಿದ್ದೇನೆ.

ಇಳಿಸುವಾಗ ಒಂದು ಮಾತು, ಅಕ್ಕನೋ ತಂಗಿಯೋ ಹೇಳಿದಂತೆ ಕೇಳಿ. ಗಾಡಿಯನ್ನು ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಸೈಜುಗಲ್ಲು, ಇಟ್ಟಿಗೆ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಇಟ್ಟಿಗೆ ಹೇಳದೆ ಒಡೆಯುತ್ತದೆ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಬಾಕ್ಸ್ ತೆಗೆದರೆ ಎಂಜಿನ್ ಒಂದು ಕಡೆ ವಾಲುತ್ತದೆ, ಮೇಲಿನಿಂದ ಅಡ್ಡ ಪೈಪ್ ಕೊಟ್ಟು ಚೈನ್‌ನಲ್ಲಿ ಕಟ್ಟಿ. ಬೆಲ್ ಹೌಸಿಂಗ್ (ಬಾಕ್ಸ್ ಎಂಜಿನ್‌ಗೆ ಸೇರುವ ಭಾಗ) ಬೋಲ್ಟ್ ಬಿಚ್ಚಿದ ಮೇಲೆ ಬಾಕ್ಸ್ ಭಾರ ಕ್ಲಚ್ ಪ್ಲೇಟಿನ ಮೇಲೆ ನೇತಾಡಬಾರದು, ಪ್ಲೇಟಿನ ಹಬ್ ಸೊಟ್ಟ ಆಗುತ್ತದೆ. ನೀವು ಎಳೆಯುವಾಗ ಬಾಮೈದ ಕೆಳಗಿನಿಂದ ಹಿಡಿದಿರಲಿ.

ನಿಟ್ಟುವಳ್ಳಿ 800 (ದಾವಣಗೆರೆ)

ಎಲ್ಲರಿಗೂ ತುಂಬಾ ಧನ್ಯವಾದ. ಹರಿಹರದ ಮೇಡಂ, ನಿಮ್ಮ ಉತ್ತರವನ್ನು ಪ್ರಿಂಟ್ ತೆಗೆದು ಶೆಡ್ಡಿನಲ್ಲಿ ಅಂಟಿಸಿದ್ದೇನೆ.

ರಿವರ್ಸ್ ಪರೀಕ್ಷೆ ಮಾಡಿದೆ, ಸದ್ದಿಲ್ಲ. ಲಿವರ್ ಬುಷ್ ಒಂದು ಸಡಿಲ ಇತ್ತು, ಬದಲಾಯಿಸಿದೆ. ಲಿವರ್ ಬಿಗಿಯಾಯಿತು, ಎರಡನೇ ಗೇರಿನ ಸದ್ದು ಹಾಗೇ ಇದೆ. ಆಯಿಲ್ ಇಳಿಸಿ ತಟ್ಟೆಯಲ್ಲಿ ಬಿಸಿಲಿಗೆ ಹಿಡಿದರೆ ಹಳದಿ ಮಿನುಗು ಚೆನ್ನಾಗಿಯೇ ಕಾಣುತ್ತದೆ. ಅಯಸ್ಕಾಂತಕ್ಕೆ ಕಪ್ಪು ಪೇಸ್ಟ್ ಮಾತ್ರ ಬಂತು, ಚೂರು ಇಲ್ಲ.

ನೀವು ಹೇಳಿದ ಹಾಗೇ ಮಾಡುತ್ತೇನೆ. ಇಳಿಸುವುದು ನಾವು, ಒಳಗಿನ ಪ್ರೆಸ್ ಕೆಲಸ ಫಿಟ್ಟರ್. ಲೋಕಿಕೆರೆ ರಸ್ತೆ ಕಡೆ ಒಬ್ಬರು ಸಿಕ್ಕಿದ್ದಾರೆ. "ಕೂತು ನೋಡಿ ಸಾರ್, ಬೇಡ ಅಂದವರು ಯಾರು" ಅಂದರು. ಡಯಲ್ ಗೇಜ್ ತೆಗೆದು ಟೇಬಲ್ ಮೇಲೆ ಇಟ್ಟರು. ಖುಷಿಯಾಯಿತು.

ಇನ್ನು ಎರಡು ಅನುಮಾನ. ಬಾಕ್ಸ್ ಹೊರಗೆ ಬಂದಾಗ ಜೊತೆಗೆ ಇನ್ನೇನು ಬದಲಾಯಿಸಬೇಕು? ಕೇಸಿನ ಎರಡು ಭಾಗ ಸೇರಿಸುವಾಗ ಯಾವ ಪೇಸ್ಟ್ ಹಾಕಬೇಕು?

ದುರ್ಗದ ಡ್ರೈವರ್ (ಚಿತ್ರದುರ್ಗ)

ಸರ್, ಬಾಕ್ಸ್ ಇಳಿದಾಗ ಕ್ಲಚ್ ಪ್ಲೇಟ್ ನೋಡಿ. ರಿವೆಟ್ ಹತ್ತಿರಕ್ಕೆ ಬಂದಿದ್ದರೆ ಹೊಸದು ಹಾಕಿಬಿಡಿ, ಇನ್ನೊಂದು ಸಲ ಅದಕ್ಕಾಗಿ ಇಳಿಸುವುದು ಬೇಡ. ರಿಲೀಸ್ ಬೇರಿಂಗ್ ಅಂತೂ ಹೊಸದೇ ಇರಲಿ, ದುಬಾರಿ ಅಲ್ಲ. ಎಂಜಿನ್ ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲ್, ಡ್ರೈವ್ ಶಾಫ್ಟಿನ ಎರಡು ಸೀಲ್, ಇವೂ ಅಷ್ಟೇ. ಪ್ಲೇಟ್ ಮೇಲೆ ಆಯಿಲ್ ಬಿದ್ದರೆ ಹೊಸ ಕ್ಲಚ್ಚೂ ಹಾಳು.

ಓಡಿಸಲು ಶುರು ಮಾಡಿದ ಮೇಲೆ ಮೊದಲ ಐನೂರು ಕಿಲೋಮೀಟರ್ ನಿಧಾನ. ಹೆದ್ದಾರಿಯಲ್ಲಿ ಎಳೆಯಬೇಡಿ. ಆಮೇಲೆ ಆಯಿಲ್ ಇಳಿಸಿ ಹೊಸದು ಹಾಕಿ. ಹೊಸ ರಿಂಗು ಕೋನಿಗೆ ಕೂರುವಾಗ ಸ್ವಲ್ಪ ಪುಡಿ ಬರುತ್ತದೆ, ಅದು ಒಳಗೆ ತಿರುಗುತ್ತಾ ಇರಬಾರದು.

ಚಳ್ಳಕೆರೆ ಜೀಪ್ (ಚಳ್ಳಕೆರೆ)

ಅಣ್ಣ, ಫೋಟೊ ಹಾಕಿ. ಒಳಗೆ ಬಿಚ್ಚುವುದನ್ನು ನೀವೇ ಮಾಡಿದರೆ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಅಲ್ಯೂಮಿನಿಯಂ ಕೇಸಿನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಜೀಪ್ ಬಾಕ್ಸಿನ ಕೇಸು ಬೀಡು, ಎಂಥ ಪೆಟ್ಟನ್ನಾದರೂ ತಡೆಯುತ್ತದೆ.

ಹರಿಹರದ ಲೇತ್ (ಹರಿಹರ)

ಚಳ್ಳಕೆರೆ ತಮ್ಮ, ಬೀಡಿಗೂ ಜೋರಾಗಿ ಹೊಡೆಯಬೇಡ. ಬಗ್ಗುವುದಿಲ್ಲ ನಿಜ, ಸೀಳುತ್ತದೆ.

ನಿಟ್ಟುವಳ್ಳಿ ಅಣ್ಣ, ಪೇಸ್ಟ್ ವಿಷಯ. ಅಂಗಡಿಯಲ್ಲಿ ಅನೇರೋಬಿಕ್ ಫ್ಲ್ಯಾಂಜ್ ಸೀಲೆಂಟ್ ಅಂತ ಕೇಳಿ. ಗಾಳಿ ಇಲ್ಲದ ಕಡೆ ಮಾತ್ರ ಗಟ್ಟಿಯಾಗುವ ಪೇಸ್ಟ್ ಅದು. ಎರಡು ಭಾಗ ಒತ್ತಿದಾಗ ಒಳಗೆ ಉಕ್ಕಿದ್ದು ಗಟ್ಟಿಯಾಗದೆ ಎಣ್ಣೆಯಲ್ಲಿ ಬೆರೆತುಹೋಗುತ್ತದೆ. ಸಿಲಿಕಾನ್ ಪೇಸ್ಟ್ ದಪ್ಪಗೆ ಬಳಿದರೆ ಒಳಗೆ ರಬ್ಬರಿನ ಎಳೆ ಆಗಿ, ಎಣ್ಣೆ ಹೋಗುವ ತೂತಿಗೆ ಸಿಕ್ಕಿಕೊಳ್ಳುತ್ತದೆ. ಹಚ್ಚುವ ಮುಂಚೆ ಎರಡೂ ಮೈಯನ್ನು ಥಿನ್ನರಿನಲ್ಲಿ ಒರೆಸಿ. ಹಳೇ ಪೇಸ್ಟ್ ಕೆರೆಯಲು ಸ್ಕ್ರೂ ಡ್ರೈವರ್ ಬಳಸಬೇಡಿ, ಅಲ್ಯೂಮಿನಿಯಂ ಮೇಲೆ ಗೆರೆ ಬಿದ್ದರೆ ಅಲ್ಲಿಂದಲೇ ಸೋರುತ್ತದೆ. ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಸಾಕು. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಕೊನೆಗೆ ಟಾರ್ಕ್ ರೆಂಚ್.

ಶಾಫ್ಟಿನ ಮೇಲೆ ಕೂತ ಹಬ್ಬೂ ಅದರ ಮೇಲೆ ಜಾರುವ ಸ್ಲೀವೂ ಒಟ್ಟಿಗೆ ಸವೆದು ಹೊಂದಿಕೊಂಡ ಜೋಡಿ. ಬೇರೆ ಮಾಡುವ ಮೊದಲು ಎರಡರ ಮೇಲೂ ಪೇಂಟಿನಲ್ಲಿ ಒಂದು ಗುರುತು ಹಾಕಿಸಿ, ಯಾವ ಮುಖ ಯಾವ ಕಡೆ ಅನ್ನುವುದೂ ಬರೆದಿಡಿ. ತಿರುವಿ ಹಾಕಿದರೆ ಗೇರು ನಿಲ್ಲುವುದಿಲ್ಲ. ಎರಡನೇ ಗೇರಿನದು ಮಾತ್ರವಲ್ಲ, ಎಲ್ಲ ರಿಂಗುಗಳ ಸಂದಿಯನ್ನೂ ಅಳೆಯಿರಿ. ಒಂದೊಂದು ರಿಂಗೂ ತನ್ನ ಗೇರಿನ ಜೊತೆಗೇ ಇರಲಿ, ಅದಲುಬದಲು ಆಗಬಾರದು. ಹೊಸ ರಿಂಗಿಗೆ ಗೇರ್ ಆಯಿಲ್ ಸವರಿಯೇ ಕೂರಿಸಬೇಕು, ಒಣಗಿದ್ದು ಹಾಕಬಾರದು. ಕೇಸು ಮುಚ್ಚುವ ಮೊದಲು ನಾಲ್ಕೂ ಗೇರು, ರಿವರ್ಸ್ ಎಲ್ಲವನ್ನೂ ಕೈಯಲ್ಲೇ ಹಾಕಿ, ಶಾಫ್ಟ್ ತಿರುಗಿಸಿ ನೋಡಿ.

ಲೋಕಿಕೆರೆ ರಸ್ತೆಯವರ ಹತ್ತಿರ ಪ್ರೆಸ್ ಇದ್ದರೆ ಅಲ್ಲೇ ಮುಗಿಸಿ. ಇಲ್ಲದಿದ್ದರೆ ಶಾಫ್ಟ್ ಸೆಟ್ ಮಾತ್ರ ಬಟ್ಟೆಯಲ್ಲಿ ಸುತ್ತಿ ಅವರನ್ನೂ ಕರೆದುಕೊಂಡು ಬನ್ನಿ. ಹರಿಹರ ಏನು ದೂರ, ಹದಿನಾಲ್ಕು ಕಿಲೋಮೀಟರ್. ಬರುವಾಗ ಹಳೇ ಬೇರಿಂಗನ್ನೂ ಹೊಸದನ್ನೂ ಎರಡೂ ತನ್ನಿ. ಅಪ್ಪ ಎರಡರ ನಂಬರನ್ನೂ ಕನ್ನಡಕ ಹಾಕಿಕೊಂಡು ಓದಿ, ಶಾಫ್ಟಿಗೆ ಮೈಕ್ರೋಮೀಟರ್ ಹಿಡಿಯದೆ ನನ್ನನ್ನು ಪ್ರೆಸ್ ಮುಟ್ಟಲು ಬಿಡುವುದಿಲ್ಲ.